ಸಹಿ ಇಲ್ಲದ ರಾಜಿ

ಫ್ಯಾನು ತಿರುಗುತ್ತಿರುವುದು ಬಲಗಡೆ ಮಾತ್ರ, ಅಥವಾ ಅವಳಿಗೆ ಹಾಗೆ ಕೇಳುತ್ತಿದೆ, ಎಡಗಡೆಗೆ ಯಾರೋ ಹತ್ತಿ ತುರುಕಿದ ಹಾಗೆ, ಕೋರ್ಟಿನ ಈ ಹಾಲಿನಲ್ಲಿ ಅರ್ಧ ಜನ ಗದ್ದಲ ಮಾಡುತ್ತಿದ್ದಾರೆ, ಇನ್ನರ್ಧ ಜನ ಸುಮ್ಮನೆ ಬಾಯಿ ಆಡಿಸುತ್ತಿದ್ದಾರೆ – ರೂಢಿಯಾಗಿದೆ ಈಗ, ಮನೆಯಲ್ಲಿ ಗಂಡ ಬಲಕ್ಕೇ ಮಲಗುತ್ತಾನೆ, ಐಸಿಯುವಿನಲ್ಲಿ ಹೊಸ ನರ್ಸುಗಳು ಬಲಕ್ಕೇ ಬಂದು ಸಿಸ್ಟರ್ ಅನ್ನುತ್ತಾರೆ, ಮಾನಿಟರಿನ ಸದ್ದು ಬಲಗಿವಿಗೆ ಬೀಳುವ ಹಾಗೆ ಅವಳೇ ಮೇಜು ಸರಿಸಿಕೊಂಡಿದ್ದಾಳೆ, ಒಂದು ಕಿವಿ ಹೋದರೆ ಏನಂತೆ ಎಂದು ಬೇರೆಯವರು ಹೇಳಿದರೆ ಮಾತ್ರ ಮೈ ಉರಿಯುತ್ತದೆ. ಎದುರಿಗೆ, ಕಟಕಟೆಯ ಪಕ್ಕ ಹೊಡೆದವನು ನಿಂತಿದ್ದಾನೆ, ಇಸ್ತ್ರಿ ಮಾಡಿದ ಶರ್ಟು, ಆ ದಿನ ಐಸಿಯು ಬಾಗಿಲಲ್ಲೂ ಇಂಥದೇ ಶರ್ಟು, ಹಿಂದೆ ಒಂದು ಹಿಂಡು ಗೆಳೆಯರು, ಅಪ್ಪನ್ನ ನೋಡ್ಬೇಕು ಅಂದ, ನೋಡಿ, ಆದ್ರೆ ಒಬ್ಬೊಬ್ಬರೇ ಬನ್ನಿ, ಅಂದಳು, ಇವಳ್ಯಾವಳು ನಮ್ಮನ್ನ ತಡೆಯೋಕೆ, ಒಳಗೆ ಆಗ ತಾನೇ ಎದೆಯ ಆಪರೇಷನ್ ಆಗಿ ಬಂದ ಹೆಂಗಸಿದ್ದಳು, ಹೊಲಿಗೆ ಹಸಿ, ಬಾಗಿಲಿಗೆ ಅಡ್ಡ ಕೈ ಇಟ್ಟಳು, ಇಟ್ಟದ್ದು ನೆನಪಿದೆ, ಆಮೇಲೆ ಗೋಡೆ, ಗೋಡೆಯ ತಣ್ಣನೆಯ ಬಣ್ಣ, ಕೆನ್ನೆ ಉರಿಯುವ ಮೊದಲೇ ಕಿವಿಯಲ್ಲಿ ಸೀಟಿ ಊದಿದ ಹಾಗೆ, ಆ ಸೀಟಿ ನಿಂತ ಮೇಲೆ ಆ ಕಡೆ ಮತ್ತೇನೂ ಕೇಳಿಲ್ಲ. ಆದರೂ ಕೈ ತೆಗೆದಿರಲಿಲ್ಲವಂತೆ, ನೋಡಿದವರು ಹೇಳಿದ್ದು, ಗೋಡೆಗೆ ಒರಗಿಕೊಂಡೇ ಬಾಗಿಲಿಗೆ ಅಡ್ಡ ಹಿಡಿದಿದ್ದಳಂತೆ.

ಪೊಲೀಸು ಬಂತು, ಕೇಸಾಯಿತು, ಆಮೇಲೆ ಎಲ್ಲರ ದನಿಯೂ ಮೆತ್ತಗಾಗುತ್ತ ಬಂತು, ಆಸ್ಪತ್ರೆಯ ಹೊಸ ಕಟ್ಟಡದ ಗುತ್ತಿಗೆ ಅವನದೇ, ಕೆಲಸ ಅರ್ಧಕ್ಕೆ ನಿಂತಿತ್ತು, ಡೈರೆಕ್ಟರು ಕೋಣೆಗೆ ಕರೆಸಿದರು, ನೋಡಮ್ಮ, ಎರಡೂ ಕಡೆಯವರು ಕೂತು ಮಾತಾಡಿ ಮುಗಿಸಿದೀವಿ, ಇನ್ನು ರಾಜಿ ಅರ್ಜಿಗೆ ನೀನೊಂದು ಸಹಿ ಹಾಕಿ, ಕೋರ್ಟಿಗೆ ಹೇಳಿ ಕೇಸು ಕೈಬಿಡಿಸಿದ್ರೆ ಆಯ್ತು – ಎರಡೂ ಕಡೆ ಅಂದರೆ ಯಾವ ಕಡೆ, ಏಟು ಬಿದ್ದ ಕಡೆ ಆ ಹೊತ್ತಿನಲ್ಲಿ ಐಸಿಯುವಿನಲ್ಲಿ ಯಾರದೋ ಗಾಯ ಒರೆಸುತ್ತಿತ್ತಲ್ಲ, ಯಾವಾಗ ಬಂದು ಕೂತಿತು, ಕಾಫಿ ಕುಡಿಯಿತೋ ಇಲ್ಲವೋ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಯೋಚ್ನೆ ಮಾಡ್ತೀನಿ ಸರ್, ಅಂದು ಬಂದಳು. ಹೊರಗೆ ನರ್ಸುಗಳಿಗೆಲ್ಲ ಹಿರಿಯರಾದ ಮೇಟ್ರನ್ ಕಾಯುತ್ತಿದ್ದರು, ಸಹಿ ಹಾಕ್ಬಿಡು ಮಗಳೇ, ನಾನೆಷ್ಟು ನುಂಗ್ಕೊಂಡಿದೀನಿ ನಿಂಗೇನು ಗೊತ್ತು, ನಾವು ಇಲ್ಲೇ ಬಾಳಬೇಕಲ್ವಾ. ಮನೆಗೆ ಬಂದು ಹೇಳಿದರೆ ಅತ್ತೆ ಕಡಲೆಬೇಳೆ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ, ಏಟು ತಿಂದೋಳು ನೀನು, ರಾಜಿ ಆದೋರು ಅವರು, ಇದೊಳ್ಳೆ ಚೆನ್ನಾಗಿದೆ, ಹಂಗಾದ್ರೆ ಆ ಕಿವೀನೂ ಅವರೇ ಇಟ್ಕೊಳ್ಳಲಿ. ಗಂಡ ನಕ್ಕ, ಅವಳೂ ನಕ್ಕಳು, ನಗುತ್ತಲೇ ಅಳು ಬಂತು. ಆದರೆ ನಗಲಾಗದ್ದು ಹೊಡೆದವನ ಅಪ್ಪ ಬಂದ ದಿನ, ನರ್ಸುಗಳ ಬಾಯಲ್ಲಿ ಅವರು ಐದನೇ ಬೆಡ್ಡಿನ ಅಜ್ಜ, ವಾರಗಟ್ಟಲೆ ಅವಳೇ ಮೈ ಒರೆಸಿ, ಮಗ್ಗುಲು ಹೊರಳಿಸಿ, ಮೊದಲ ಹೆಜ್ಜೆ ಇಡಿಸಿದ ಅಜ್ಜ, ಗೋಡೆ ಹಿಡಿದುಕೊಂಡು ಮನೆಯ ಮೆಟ್ಟಿಲು ಹತ್ತಿ ಬಂದರು, ಅವಳ ಕಣ್ಣು ಮೊದಲು ಹೋದದ್ದು ಅವರ ಪಾದದ ಊತಕ್ಕೆ, ಮಾತ್ರೆ ತಗೋತಿದೀರಾ ಅಜ್ಜ, ತಗೋತಿದೀನಿ ಕಣಮ್ಮ, ಇದು ನೀನು ಉಳಿಸಿದ ಜೀವ, ಈ ಜೀವಾನೇ ಕೇಳ್ತಿದೆ, ಅವನನ್ನ ಬಿಟ್ಟುಬಿಡು. ಕೈ ಮುಗಿದರು, ಅವಳು ಆ ಕೈ ಬಿಡಿಸಿದಳು, ಅವರ ಮೇಲಾಗಲಿ ಈಗ ಅವನ ಮೇಲಾಗಲಿ ಕೋಪ ಇಲ್ಲ, ಹುಡುಕಿದರೂ ಸಿಗಲಿಲ್ಲ, ನಂಗೆ ಸಿಟ್ಟಿಲ್ಲ ಅಜ್ಜ, ಕ್ಷಮಿಸಿದೀನಿ, ಅಂದಳು, ಹಾಗಾದ್ರೆ ಕೇಸು ಯಾಕಮ್ಮ, ಅಂದರು ಅಜ್ಜ. ಆ ದಿನ ಮಾತ್ರೆ ಮರೀಬೇಡಿ ಎಂದಷ್ಟೇ ಹೇಳಿ ಗೇಟಿನ ತನಕ ಬಿಟ್ಟುಬಂದಳು, ಅಂದಿನಿಂದ ಅನ್ನ ಬಸಿಯುವಾಗ, ಸೂಜಿ ಚುಚ್ಚುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ಹಾಗಾದ್ರೆ ಕೇಸು ಯಾಕಮ್ಮ.

ಕೂಗಿದರು, ಅವಳ ಕೇಸು, ಎದ್ದಳು, ಆಸ್ಪತ್ರೆಯ ವಕೀಲರು ಆಗಲೇ ಶುರು ಮಾಡಿದ್ದಾರೆ, ಉಭಯ ಪಕ್ಷದವರೂ ಸೌಹಾರ್ದದಿಂದ ಬಗೆಹರಿಸಿಕೊಂಡಿದ್ದಾರೆ, ನೊಂದವರು ಕ್ಷಮಿಸಿದ್ದಾರೆ, ಪ್ರಕರಣ ಕೈಬಿಡಬೇಕು ಎಂದು ಪ್ರಾರ್ಥನೆ, ನ್ಯಾಯಾಧೀಶರು ಹಾಳೆ ಮಗುಚಿದರು, ಹಿಂದಕ್ಕೂ ಮಗುಚಿದರು, ನೊಂದವರ ಸಹಿ ಎಲ್ಲಿ, ಬಂದಿದ್ದಾರೆ ಸ್ವಾಮಿ, ಈಗಲೇ ಹಾಕ್ತಾರೆ. ಕೈಗೆ ಪೆನ್ನು ಬಂತು, ವಕೀಲರು ಪಕ್ಕಕ್ಕೆ ಬಂದು ಬಗ್ಗಿ ಏನೋ ಪಿಸುಗುಟ್ಟಿದರು, ಬುದ್ಧಿಮಾತೋ ಬೆದರಿಕೆಯೋ, ಅದನ್ನೆಲ್ಲ ಎಡಗಿವಿಗೆ ಸುರಿದರು ಪಾಪ, ಆ ಕಡೆ ಅಂಗಡಿ ಮುಚ್ಚಿ ಎಷ್ಟೋ ದಿನವಾಯಿತು, ಅವಳಿಗೆ ನಗು ಬಂತು, ಆ ನಗುವಿನಲ್ಲೇ ಮೈ ಹಗುರಾಯಿತು. ಏನಮ್ಮ, ಈ ರಾಜಿಗೆ ನಿಮ್ಮ ಒಪ್ಪಿಗೆ ಇದೆಯಾ, ನ್ಯಾಯಾಧೀಶರು ಕೇಳಿದರು, ಇಲ್ಲ ಸರ್, ಅಂದಳು, ಕಿವಿ ಹೋದ ಮೇಲೆ ದನಿಯ ಅಳತೆ ತಿಳಿಯುವುದಿಲ್ಲ, ಮೆಲ್ಲಗೆ ಅಂದೆ ಅಂದುಕೊಂಡಳು, ಹಾಲಿನ ಕೊನೆಯ ಬೆಂಚಿನವರೂ ತಿರುಗಿದರು. ಕ್ಷಮಿಸಿದೀರಿ ಅಂತ ಬರೆದಿದೆಯಲ್ಲ. ಕ್ಷಮಿಸಿದೀನಿ ಸರ್, ಅದು ನನ್ನ ಹತ್ರ ಇತ್ತು, ಕೊಟ್ಟೆ – ಎಂದಳು, ಎಂದಾಗ ಅಜ್ಜ ಕಂಡರು, ಮಗನ ಹಿಂದೆ ಕಂಬಕ್ಕೆ ಆನಿಕೊಂಡು, ಅವರಿಗೇ ಹೇಳುವ ಹಾಗೆ ಉಳಿದದ್ದನ್ನು ಹೇಳಿದಳು, ಆ ಬಾಗಿಲು ನನ್ನದಲ್ಲ, ಒಳಗೆ ಮಲಗಿದ್ರಲ್ಲ, ಅವರದ್ದು, ನಾಳೆ ಅಲ್ಲಿ ಇನ್ನೊಬ್ಬಳು ನಿಲ್ತಾಳೆ, ಅವಳ ಪರವಾಗಿ ನಾನು ಹೇಗೆ ರಾಜಿ ಆಗ್ಲಿ. ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ಹಿಂದೆ, ಬಲಗಡೆ, ಬೆಂಚು ಕಿರುಗುಟ್ಟಿತು, ಒಂದು, ಮತ್ತೊಂದು, ಡ್ಯೂಟಿ ಮುಗಿಸಿ ನೇರ ಬಂದಿದ್ದ ನರ್ಸುಗಳು, ಕೂದಲು ಕೆದರಿದ, ಕಣ್ಣು ಕೆಂಪಾದ ತನ್ನ ಹುಡುಗಿಯರು, ಯಾರೂ ಹೇಳದೆ ಎದ್ದು ನಿಂತಿದ್ದರು, ಕೂತ್ಕೊಳ್ಳಿ ಕೂತ್ಕೊಳ್ಳಿ ಅಂದ ಜವಾನ, ಕೂರಲಿಲ್ಲ, ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಇರಲಿ ಬಿಡಿ ಅಂದರು. ಇನ್ನೊಂದು ಬದಿಯ ಬೆಂಚಿನಲ್ಲಿ, ಡೈರೆಕ್ಟರ ಪಕ್ಕದಲ್ಲಿ, ಸಹಿ ಬಿತ್ತೋ ಇಲ್ಲವೋ ನೋಡಿಬರಲೆಂದು ಬಂದಿದ್ದ ಮೇಟ್ರನ್ ಕೂತೇ ಇದ್ದರು.

ಬೇಲಿ ಜಗಳವಾಗಿದ್ರೆ ರಾಜಿ ಮಾಡ್ಕೊಳ್ಳಿ ಅಂತ ನಾನೇ ಹೇಳ್ತಿದ್ದೆ, ಎಷ್ಟೋ ಸಲ ಹೇಳಿದೀನಿ, ಅದು ತಪ್ಪೂ ಅಲ್ಲ, ಅಂದರು ನ್ಯಾಯಾಧೀಶರು, ಆದ್ರೆ ರೋಗಿಗಳನ್ನ ಕಾಯೋರ ಮೇಲೆ ಕೈ ಮಾಡಿದ್ದು ಇಬ್ಬರ ನಡುವಿನ ವಿಷಯ ಅಲ್ಲ, ಈಯಮ್ಮ ಸಹಿ ಹಾಕಿದ್ರೂ ನಾನು ಒಪ್ತಿರಲಿಲ್ಲ, ಅರ್ಜಿ ವಜಾ, ವಿಚಾರಣೆ ನಡೀಲಿ – ನಡೀಲಿ, ನಡೀಲಿ, ಬಲಗಿವಿಯಲ್ಲಿ ಅದೊಂದೇ, ನಡೆಯುತ್ತಿದ್ದಾಳೆ ಅವಳು, ಕೋರ್ಟಿನ ಮೆಟ್ಟಿಲು ಇಳಿಯುತ್ತಿದ್ದಾಳೆ, ಹುಡುಗಿಯರು ಸುತ್ತ ಮುತ್ತಿಕೊಂಡು ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದಾರೆ, ಬಲಕ್ಕೆ ಬನ್ರೇ ಎಲ್ಲರೂ ಎಂದು ಗದರುತ್ತಿದ್ದಾಳೆ, ಅವನು ನೆಲ ನೋಡಿಕೊಂಡು ದಾಟಿಹೋದ, ಅಜ್ಜ ಮೆಟ್ಟಿಲ ಮೇಲೆ ಇಳಿಯಲಾಗದೆ ನಿಂತಿದ್ದರು, ತೋಳು ಕೊಟ್ಟಳು, ಹಿಡಿದುಕೊಂಡರು, ಕೊನೆಯ ಮೆಟ್ಟಿಲಿನಲ್ಲಿ ಒಂದು ಸಲ ಒತ್ತಿ ಬಿಟ್ಟರು, ಬಿಸಿಲು ಎಷ್ಟು ಚೆನ್ನಾಗಿದೆ, ಗಂಡ ಸ್ಕೂಟರಿನ ಮೇಲೆ ಕೂತು ಕೈ ಬೀಸುತ್ತಿದ್ದಾನೆ, ಅತ್ತೆಗೆ ಹೇಳಬೇಕು, ಕಿವಿ ವಾಪಸ್ ತಂದೆ ಅನ್ನಬೇಕು, ಕಟ್ಟಡ ನಿಲ್ಲಲಿ ಬೀಳಲಿ, ಡ್ಯೂಟಿ ಎಲ್ಲಿಗೆ ಬೇಕಾದರೂ ಹಾಕಲಿ, ಗೆದ್ದೆ, ಗೆದ್ದೆನಲ್ಲ – ಆದರೆ ಇದೆಲ್ಲದರ ನಡುವೆ ಕಣ್ಣ ಮುಂದೆ ಮತ್ತೆ ಆ ಬೆಂಚು, ಅರ್ಜಿ ವಜಾ ಅಂದ ಆ ಕ್ಷಣ, ಡೈರೆಕ್ಟರು ಕಾಗದ ಮಡಚುತ್ತಿದ್ದಾರೆ, ಪಕ್ಕದಲ್ಲಿ ಮೇಟ್ರನ್, ಮಂಡಿ ನೋವಿನವರು, ಎರಡೂ ಕೈಯಿಂದ ಮುಂದಿನ ಬೆಂಚನ್ನು ಹಿಡಿದುಕೊಂಡಿದ್ದಾರೆ, ಡೈರೆಕ್ಟರು ತೋಳು ಮುಟ್ಟಿ ಕೂರಿ ಅನ್ನುತ್ತಿದ್ದಾರೆ, ಸ್ಕೂಟರು ಹೊರಟಿದೆ, ಗಾಳಿ, ಮತ್ತೆ ಆ ಕೈಗಳು, ಬೆರಳ ಗೆಣ್ಣು ಬೆಳ್ಳಗಾಗಿವೆ, ಮೇಟ್ರನ್ ಏಳುತ್ತಿದ್ದಾರೆ, ಮೆಲ್ಲಗೆ, ಮೇಟ್ರನ್ ಏಳುತ್ತಿದ್ದಾರೆ.