ಮಾರಕ್ಕ ಸವರಿದ ಬೇರು

ಶನಿವಾರದ ಬೆಳಗಿನ ಶಾಲೆ. ಕುಂದಾಣದ ಆಚೆಗಿನ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಕೋಣೆಗೆ ಕಾಲಿಟ್ಟ ಅನುಸೂಯಮ್ಮ ಟೀಚರು ಕಿಟಕಿ ಕಡೆ ನೋಡಿ ಹಾಗೇ ನಿಂತರು. ನಾಲ್ಕು ದಿನದಿಂದ ನೀರಿನ ಲೋಟಗಳ ಬಾಯಿಗೆ ಕೂರಿಸಿದ್ದ ಆರು ಈರುಳ್ಳಿಗಳು ಈಗ ಮೊರದಲ್ಲಿ ಸಾಲಾಗಿ ಹೊಳೆಯುತ್ತಿದ್ದವು. ನಿನ್ನೆ ಸಂಜೆ ಬೆರಳುದ್ದ ಇಳಿದಿದ್ದ ಬಿಳಿ ಬೇರುಗಳಲ್ಲಿ ಒಂದೂ ಉಳಿದಿರಲಿಲ್ಲ.

"ನಾನೇ ಸವರಿದ್ದು ಟೀಚರಮ್ಮ," ಎಂದಳು ಶಾಲೆಯ ಕಸ ಗುಡಿಸುವ ಮಾರಕ್ಕ. "ಈರುಳ್ಳಿ ಕೊಟ್ಟೋಳು ನಾನು. ಹಂಗೆ ಗಡ್ಡ ಬಿಟ್ಕೊಂಡು ಕೂತಿದ್ರೆ, ಮಾರಕ್ಕ ಕೆಟ್ಟೋಗಿದ್ದು ಕೊಟ್ಟವ್ಳೆ ಅನ್ನಲ್ವಾ ನಾಕು ಜನ?"

ಆ ಸೀಮೆಯಲ್ಲಿ ಬೇರು ಸಮೇತ ಈರುಳ್ಳಿಯನ್ನು ಯಾರೂ ಇನ್ನೊಬ್ಬರ ಮನೆಗೆ ಕೊಡುವುದಿಲ್ಲ. ಕುಡುಗೋಲಿನಲ್ಲಿ ಬುಡ ಸವರಿ, ಸಡಿಲ ಸಿಪ್ಪೆ ಬಿಡಿಸಿ ಕೊಡುವುದೇ ಮರ್ಯಾದೆ. ಅದು ಗೊತ್ತಿದ್ದುದರಿಂದ ಟೀಚರಿಗೆ ಬೈಯಲು ಬಾಯಿ ಬರಲಿಲ್ಲ.

"ಸವರಿದ ಬೇರು ಎಲ್ಲಿ ಮಾರಕ್ಕ?"

"ಮೇಕೆ ತಿಂತು. ಚಪ್ಪರಿಸ್ಕೊಂಡು ತಿಂತು."

ಮೂರು ವರ್ಷದಿಂದ ಅವರು ಕೋಶವಿಭಜನೆಯನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಬರೆದು ತೋರಿಸಿದ್ದರು. ಮಕ್ಕಳು ಅದನ್ನು ರಂಗೋಲಿಯಂತೆ ನೋಡಿ ನೋಡಿ ಬರೆದಿದ್ದರು. ಮೂರು ಪತ್ರ ಬರೆದ ಮೇಲೆ ದೇವನಹಳ್ಳಿಯ ಹೈಸ್ಕೂಲಿನಿಂದ ಒಂದು ಸೂಕ್ಷ್ಮದರ್ಶಕ ಎರವಲು ಸಿಕ್ಕಿತ್ತು. ಇವತ್ತು ಹನ್ನೆರಡರ ಬಸ್ಸಿಗೇ ಅದು ವಾಪಸು ಹೋಗಬೇಕು. ಒಡೆದು ಎರಡಾಗುವ ಕೋಶ ಸಿಗುವುದು ಬೇರಿನ ತುದಿಯಲ್ಲೇ, ಅದೂ ಬೆಳಗಿನ ಹೊತ್ತು ಹೆಚ್ಚು ಎಂದು ಟೀಚರು ವಿವರಿಸಿದರು.

"ಬೇರೇ ಬೇಕಿತ್ತಾ? ಮೊದ್ಲೇ ಹೇಳ್ಬಾರ್ದಾ," ಎಂದು ಮಾರಕ್ಕ ಪೊರಕೆ ಮೂಲೆಗಿಟ್ಟಳು. "ಬೀಜಕ್ಕೆ ಅಂತ ಹೊಲದಾಗೆ ಗೆಡ್ಡೆ ಊರಿ ಎಂಟು ದಿನ ಆಯ್ತು. ನಡೀರಿ."

ಹದಿನೆಂಟು ಮಕ್ಕಳು ಬದುವಿನ ಮೇಲೆ ಸಾಲಾಗಿ ಹೊರಟರು. ಚಂದ್ರನ ಮೇಲೆ ಮನುಷ್ಯ ನಡೆದು ಮೂರು ತಿಂಗಳಾಗಿತ್ತು. ಹತ್ತನೆಯ ತರಗತಿಯಲ್ಲಿದ್ದ ಮಾರಕ್ಕನ ಅಣ್ಣನ ಮಗಳು ಕದಿರಮ್ಮನಿಗೆ ಇನ್ನೂ ಅದೇ ಗುಂಗು.

"ಟೀಚರ್, ಮೇಲೆ ಆಕಾಶದಲ್ಲಿ ಊರಿದ್ರೂ ಹಿಂಗೇ ಬೇರು ಬಿಡುತ್ತಾ?"

"ಎರಡು ವರ್ಷದ ಹಿಂದೆ ಉಪಗ್ರಹದಲ್ಲಿ ಗೋಧಿ ಮೊಳಕೆ ಕಳಿಸಿದ್ರು. ಕೋಶ ಒಡೆದು ಬೆಳೀತು. ಆದ್ರೆ ಕೆಳಗೆ ಯಾವ್ದು ಅಂತ ಗೊತ್ತಾಗ್ದೆ ಬೇರು ಅಡ್ಡಡ್ಡ ಹೋಯ್ತು."

"ನಮ್ಮೆಜಮಾನ್ರಂಗೆ, ಸಂತೆ ದಿನ," ಎಂದು ಮಾರಕ್ಕ ಗೆಡ್ಡೆ ಕಿತ್ತು ಮಣ್ಣು ಕೊಡವಿದಳು.

ಕೋಣೆಗೆ ಮರಳಿ ಬೇರಿನ ತುದಿ ಇಟ್ಟು ನೋಡಿದರೆ, ಮೊದಲನೆಯ ಗಾಜಿನ ಪಟ್ಟಿಯಲ್ಲಿ ಮಣ್ಣೇ ಕಂಡಿತು. ಎರಡನೆಯದು ಹೆಬ್ಬೆರಳಿನ ಒತ್ತಡಕ್ಕೆ ಬಿರುಕು ಬಿಟ್ಟಿತು. ಅನುಸೂಯಮ್ಮನವರು ಇನ್ನೊಂದು ಬೇರನ್ನು ಚೆನ್ನಾಗಿ ತೊಳೆದರು. ಮೂರನೆಯ ತುದಿಯನ್ನು ಆಮ್ಲದಲ್ಲಿ ಬೆಚ್ಚಗೆ ಮಾಡಿ, ಕೆಂಪು ಬಣ್ಣ ಹನಿಸಿ, ಮೆಲ್ಲಗೆ ಒತ್ತಿದರು. ಕಣ್ಣಿಟ್ಟು ತಿರುಪು ತಿರುಗಿಸುತ್ತ ಹೋದರು. ಸಣ್ಣ ಸಣ್ಣ ಕೋಣೆಗಳು ಕಂಡವು. ಅವುಗಳ ನಡುವೆ ಒಂದರಲ್ಲಿ ಕೆಂಪು ದಾರದ ಎರಡು ಗೊಂಚಲು, ಒಂದಕ್ಕೊಂದು ಬೆನ್ನು ತಿರುಗಿಸಿ ಹೊರಟಂತೆ. ಪುಸ್ತಕದಾಚೆ ಅವರೂ ಅದನ್ನು ಕಂಡದ್ದು ಕಾಲೇಜು ಬಿಟ್ಟ ಮೇಲೆ ಇದೇ ಮೊದಲು.

"ಮಾರಕ್ಕ, ಮೊದಲು ನೀನು ನೋಡು. ನಿನ್ನ ಗೆಡ್ಡೆ."

ಮಾರಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಗ್ಗಿದಳು. "ಇವು ಭಾಗ ಆಗ್ತಾವಾ? ನಮ್ಮನೇಲಿ ಭಾಗ ಆದಾಗ ಇದ್ದ ಒಂದು ಒರಳಿಗೆ ಮೂರು ದಿನ ಜಗಳ."

"ಇವು ಹಂಗಲ್ಲ. ಮೊದ್ಲು ಪ್ರತಿಯೊಂದು ದಾರಕ್ಕೂ ಇನ್ನೊಂದು ಅಂಥದ್ದೇ ಮಾಡಿಟ್ಕೊಂಡು, ಆಮೇಲೆ ಬೇರೆ ಆಗ್ತವೆ. ಇಬ್ರಿಗೂ ಒಂದೊಂದು ಒರಳು."

"ಬುದ್ಧಿವಂತ್ರು," ಎಂದಳು ಮಾರಕ್ಕ, ಕಣ್ಣು ತೆಗೆಯದೆ.

"ಅತ್ತೆ, ನಮಗೂ ಬಿಡೇ," ಎಂದು ಕದಿರಮ್ಮ ಬೆನ್ನಿಗೆ ತಿವಿದಳು.

ಒಬ್ಬೊಬ್ಬರೇ ನೋಡಿದರು. ನೋಡಿದವರು ಒರಳಿನ ಲೆಕ್ಕದಲ್ಲೇ ಮುಂದಿನವರಿಗೆ ಹೇಳಿಕೊಟ್ಟರು. ಟೀಚರು ಸೀಮೆಸುಣ್ಣ ಮುಟ್ಟಲೇ ಇಲ್ಲ. ಇನ್ನೂ ನಾಲ್ವರು ಬಾಕಿ ಇರುವಾಗ ಆಲದ ಮರದ ಹತ್ತಿರ ಬಸ್ಸು ಹಾರನ್ ಹೊಡೆಯಿತು. ಅನುಸೂಯಮ್ಮನವರು ಸೂಕ್ಷ್ಮದರ್ಶಕದ ಪೆಟ್ಟಿಗೆಗೆ ಕೈ ಹಾಕಿದರು.

"ನೀವು ತೋರ್ಸಿ," ಎಂದು ಮಾರಕ್ಕ ಪೊರಕೆ ಎತ್ತಿಕೊಂಡು ಹೊರಟಳು.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅವಳು ಬಸ್ಸಿನ ಮೂತಿಗೆ ಅಡ್ಡ ನಿಂತು, ಪೊರಕೆ ಊರಿಕೊಂಡಳು. ಡ್ರೈವರು ತಲೆ ಹೊರಗೆ ಹಾಕಿದ.

"ಏನಮ್ಮೋ, ಯಾಕೆ?"

"ಅಲ್ಲಿ ಭಾಗ ಆಗ್ತೈತೆ ಕಣಪ್ಪ," ಎಂದಳು ಮಾರಕ್ಕ ನಿಧಾನವಾಗಿ. "ಮುಗೀಲಿ, ತಡಿ."