ಉಡಿಯೊಳಗಿನ ಕಾಗದ

“ಲೇ ಸುಂಕನ ಹೆಂಡ್ತೀ! ಉಡಿ ಝಾಡ್ಸಲೇ! ಅಪ್ಪನ ಮನಿ ಗಂಟೇನಾರ ಒಳಗ ಇಟಗೊಂಡೀಯೇನು, ರಂಡೆ?”

ಗೌಡರ ಹೊಲದ ಉಸ್ತುವಾರಿ ಉಜ್ಜಿನಪ್ಪ ಬದುವಿನ ಮೇಲೆ ನಿಂತು ಅರಚುತ್ತಿದ್ದ. ಹುಲುಗಮ್ಮ ಸೀರೆಯ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಝಾಡಿಸಿದಳು. ಎರಡು ಒಣ ಎಲೆ ಉದುರಿದವು. ಅವಳ ಹಿಂದೆ ಕೇರಿಯ ಇಪ್ಪತ್ತೊಂದು ಹೆಂಗಸರು ಸಾಲಾಗಿ ನಿಂತಿದ್ದರು. ದಿನವಿಡೀ ಬಿಡಿಸಿದ ಹತ್ತಿಯನ್ನು ರಾಶಿಗೆ ಸುರಿದ ಮೇಲೆ ಒಬ್ಬೊಬ್ಬರೂ ಹೀಗೆ ಝಾಡಿಸಿ ತೋರಿಸಿಯೇ ಮನೆ ಸೇರಬೇಕು. ಉಜ್ಜಿನಪ್ಪ ಮುಟ್ಟಿ ನೋಡುವಂತಿಲ್ಲ. ಮುಟ್ಟಿದರೆ ಮೈಲಿಗೆ, ಮನೆಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳಬೇಕು. ಪುಷ್ಯ ಮಾಸದ ಚಳಿಯಲ್ಲಿ ಯಾರಿಗೆ ಬೇಕು ಆ ಕರ್ಮ!

ಅದರಿಂದ ಕೇರಿಯ ಹೆಂಗಸರಿಗೆ ಒಳ್ಳೆಯದೊಂದು ವಿದ್ಯೆ ಒಲಿದಿತ್ತು ನೋಡಿ. ಉಡಿಯಲ್ಲಿದ್ದದ್ದು ಉದುರಬೇಕು, ಸೊಂಟದ ಮಡಿಕೆಯಲ್ಲಿದ್ದದ್ದು ಉಳಿಯಬೇಕು. ಹುಲುಗಮ್ಮನ ಗುಡಿಸಲಿನಲ್ಲಿ ಒಂದು ತಲೆದಿಂಬು ಇದ್ದದ್ದು ಹಾಗೆಯೇ. ಚಿಟಿಕೆ ಚಿಟಿಕೆಯಾಗಿ ಅದು ತುಂಬಲು ಆರು ವರ್ಷ ಹಿಡಿದಿತ್ತು.

ಹುಲುಗಮ್ಮ ಎಂಬ ಹೆಸರು ಕೇರಿಯ ಒಳಗೆ ಮಾತ್ರ ನಡೆಯುತ್ತಿತ್ತು. ಊರಿನವರ ಬಾಯಲ್ಲಿ ಅವಳು ಮೊದಲು ಚಿನ್ನನ ಮಗಳು, ಆಮೇಲೆ ಸುಂಕನ ಹೆಂಡತಿ. ಹೋದ ವರ್ಷ ಓಟಿನ ಪಟ್ಟಿ ಬರೆಯಲು ಬಂದ ಗುಮಾಸ್ತನೂ ಕೇರಿಯ ಹೊರಗಿನ ಬೇವಿನ ಮರದಡಿ ನಿಂತು, “ಸುಂಕಣ್ಣನ ಹೆಂಡತಿ ಅಂತ ಬರಕೋತೀನಿ, ಸಾಕಲ್ಲ?” ಎಂದಿದ್ದ.

“ಅದು ನಾ ಯಾರ ಹೆಂಡ್ತಿ ಅಂಬೋದಾತ್ರಿ. ನಾ ಯಾರು ಅಂತ ಬರೀರಿ,” ಎಂದಿದ್ದಳು ಹುಲುಗಮ್ಮ.

ಗುಮಾಸ್ತ ನಕ್ಕು ಹೆಸರು ಬರೆದುಕೊಂಡ. ಅವಳ ಹಿಂದಿದ್ದವರೂ ಧೈರ್ಯ ಮಾಡಿ ಒಬ್ಬೊಬ್ಬರಾಗಿ ಹೆಸರು ಹೇಳಿದರು. ಅಂದಿನಿಂದ ಹುಲುಗಮ್ಮನ ತಲೆಯಲ್ಲಿ ಒಂದೇ ಹುಳ. ಓಟಿನ ದಿನ ಸರ್ಕಾರದವರು ತನ್ನ ಹೆಸರು ಕರೆಯುತ್ತಾರೆ, ಒಂದು ಕಾಗದ ಕೊಡುತ್ತಾರೆ, ಅದನ್ನು ತಾನು ತನ್ನ ಕೈಯಾರೆ ಪೆಟ್ಟಿಗೆಗೆ ಹಾಕಬೇಕು.

ಆ ಆಸೆಯ ಮೇಲೆ ಗೌಡರು ಕಲ್ಲು ಹಾಕಿದರು. ದೇಶದ ಮೊದಲ ಓಟು ಅದು, ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ಓಟಿಗೆ ಎರಡು ದಿನ ಇರುವಾಗ ಕೇರಿಯವರನ್ನೆಲ್ಲ ಕರೆಸಿ ಮನೆಯ ಮುಂದಿನ ಧೂಳಿನಲ್ಲಿ ಕೂರಿಸಿದರು. ದೊಡ್ಡಬಸಪ್ಪ ಗೌಡರು ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಮಾತು ತೆಗೆದರು.

“ನೋಡ್ರಲೇ, ಬಳ್ಳಾರ್ಯಾಗ ಹತ್ತಿ ಗಿರಣಿ ಐತಲ್ಲ, ನಮ್ಮ ಬೀಗರು ಗಾದಿಲಿಂಗಪ್ಪನವರದು, ಅವರು ಮದ್ರಾಸ್ ಅಸೆಂಬ್ಲಿಗೆ ನಿಂತಾರ. ಅವರ ಪೆಟ್ಟಿಗಿ ಮ್ಯಾಲ ತಕ್ಕಡಿ ಚಿತ್ರ ಇರತೈತಿ. ಇನ್ನೊಂದು ಪೆಟ್ಟಿಗಿ ಮ್ಯಾಲ ಸೈಕಲ್, ಮತ್ತೊಂದರ ಮ್ಯಾಲ ಹೂವು. ನಿಮಗ ಕತ್ತಿ ಯಾವುದು ಕುದುರಿ ಯಾವುದು ತಿಳಿಯಂಗಿಲ್ಲ. ಅದಕ್ಕ ಕಾಗದ ಪೆಟ್ಟಿಗಿಗೆ ಹಾಕಬ್ಯಾಡ್ರಿ. ಮಡಚಿಕೊಂಡು ಹೊರಗ ತಂದು ಉಜ್ಜಿನಪ್ಪನ ಬುಟ್ಟಿಗೆ ಹಾಕ್ರಿ. ನಾ ಕಡೀಕ ಹೋಗಿ ಎಲ್ಲಾ ಕೂಡಿ ಹಾಕತೀನಿ.”

ಮುದುಕಿ ಮಾರೆಮ್ಮನಿಗೆ ಬಾಯಿ ಕಟ್ಟಲಾಗಲಿಲ್ಲ. “ಹಂಗಾರ ಧಣೇರ, ನಾವು ಒಳಗ ಹೋಗೋದ್ಯಾಕ್ರಿ? ಬಿಸಿಲಾಗ ಯಾಕ ಸುಮ್ಮನ?”

“ಹೋಗಬೇಕಲೇ ಮುದುಕಿ, ಕಾಯಿದೆ ಐತಿ. ಪ್ರಜಾರಾಜ್ಯ ಅಂದ್ರ ಏನಂತ ತಿಳದೀ!” ಎಂದು ಗದರಿ ಗೌಡರು ಪಿಚಕ್ಕನೆ ಉಗುಳಿದರು. “ಯಾರ ಕಾಗದ ಬುಟ್ಟಿಗೆ ಬರಂಗಿಲ್ಲೋ ಅವರು ನನ್ನ ಹೊಲದಾಗ ಕಾಲಿಟ್ಟರ ಕಾಲು ಮುರೀತೀನಿ, ಸೂಳೆಮಕ್ಕಳಾ.”

ಗೌಡರ ದನ ಕಾಯುವ ಜೀತದಾಳು ಸುಂಕಣ್ಣ ಎಲ್ಲರಿಗಿಂತ ಮೊದಲು ಕೈಮುಗಿದ. ಅವನ ಹೆಂಡತಿಗೆ ಮಾತ್ರ ಮೈ ಉರಿಯಿತು. ಹತ್ತಿಯಂತೂ ಗೌಡರದು, ಹೋಗಲಿ. ಕಾಗದ ತನ್ನದಲ್ಲವೇ?

ಮರುದಿನ ಹತ್ತಿ ಬಿಡಿಸುತ್ತ ಅವಳು ಮಾರೆಮ್ಮನ ಪಕ್ಕದ ಸಾಲು ಹಿಡಿದಳು. ಮಾರೆಮ್ಮನ ಮಗಳನ್ನು ಸಿರುಗುಪ್ಪದ ಕಡೆಗೆ ಕೊಟ್ಟಿತ್ತು. ಅಲ್ಲಿ ಮೂರು ದಿನ ಮೊದಲೇ ಓಟು ಮುಗಿದಿತ್ತು.

“ಯಮ್ಮಾ, ಆ ಕಾಗದ ಹೆಂಗಿರತೈತಂತ?”

“ನೋಟಿನಷ್ಟು ಅಗಲ, ತಿಳಿಗೆಂಪು ಬಣ್ಣ ಅಂದ್ಲು ನನ ಮಗಳು. ಯಾಕ?”

ಹುಲುಗಮ್ಮ ನಕ್ಕಳು. ಗಾದಿಲಿಂಗಪ್ಪನವರ ಪ್ರಚಾರದ ಕರಪತ್ರವೂ ಗುಲಾಬಿ ಬಣ್ಣದ್ದೇ. ಒಂದಕ್ಷರ ಓದಲು ಬಾರದ ಕೇರಿಗೆ ಉಜ್ಜಿನಪ್ಪ ಅದರ ದೊಡ್ಡ ಕಟ್ಟನ್ನೇ ಎಸೆದು ಹೋಗಿದ್ದ. ಆ ಸಂಜೆ ಮಾರೆಮ್ಮ ಕುಡುಗೋಲಿನಿಂದ ಕರಪತ್ರಗಳನ್ನು ನೋಟಿನಗಲಕ್ಕೆ ಕೊಯ್ದಳು, ಹುಲುಗಮ್ಮ ನಾಲ್ಕು ಮಡಿಕೆ ಮಾಡಿದಳು. ಹೆಂಗಸರಿಗೆಲ್ಲ ಒಂದೊಂದು. ಗಂಡಸರಿಗೆ ಹೇಳಲಿಲ್ಲ. ಅವರ ಹೊಟ್ಟೆಯಲ್ಲಿ ಹೆಂಡ ನಿಂತೀತು, ಮಾತು ನಿಲ್ಲುವುದಿಲ್ಲ ಎಂದು ಮಾರೆಮ್ಮನ ಅಭಿಪ್ರಾಯ.

ಓಟು ನಡೆದದ್ದು ಶಾಲೆಯಲ್ಲಿ. ಆ ಮೆಟ್ಟಿಲನ್ನು ಹುಲುಗಮ್ಮ ಹುಟ್ಟಿದಾಗಿನಿಂದ ಹತ್ತಿರಲಿಲ್ಲ. ಕೇರಿಯ ಸಾಲನ್ನು ಬೇರೆಯಾಗಿ, ಬಿಸಿಲಿಗೇ ನಿಲ್ಲಿಸಿದ್ದರು. ಸುಂಕಣ್ಣ ಒಳಗೆ ಹೋಗಿ ಪರದೆಯ ಹಿಂದಿದ್ದ ಮೂರೂ ಪೆಟ್ಟಿಗೆಗಳಿಗೆ ಅಡ್ಡಬಿದ್ದು, ಕಾಗದವನ್ನು ರುಮಾಲಿನಲ್ಲಿ ಭದ್ರವಾಗಿ ಕಟ್ಟಿಕೊಂಡು ಬಂದ. ದೇವರಿಗೆ ಕೈಮುಗಿದು ಪ್ರಸಾದ ತಂದವನ ಹಾಗೆ ಮುಖ ಅರಳಿತ್ತು. ಗಂಡಸರೆಲ್ಲ ಮುಗಿದ ಮೇಲೆ ಹೆಂಗಸರ ಸರದಿ.

“ಹುಲುಗಮ್ಮ!” ಬಳ್ಳಾರಿಯಿಂದ ಬಂದ ಕನ್ನಡಕದ ಆಫೀಸರು ಪಟ್ಟಿ ನೋಡಿ ಕರೆದ. “ಹುಲುಗಮ್ಮ ಅಂದ್ರ ನೀವೇ ಏನಮ್ಮ? ಒಳಗ ಬರ್ರಿ.”

ನೀವು! ಅವಳು ಹಿಂದಿರುಗಿ ನೋಡಿದಳು. ತನ್ನ ಹಿಂದೆ ಗೌಡಸಾನಿ ಯಾರಾದರೂ ನಿಂತಿದ್ದಾರೋ ಏನೋ ಎಂದು. ಹಿಂದೆ ಇದ್ದವಳು ಮಾರೆಮ್ಮ. ಆಫೀಸರು ಬೆರಳಿಗೆ ಮಸಿ ಹಚ್ಚಿ ಕಾಗದ ಕೊಟ್ಟ. ಪರದೆಯ ಹಿಂದೆ ಹೋಗಿ ಅವಳು ಮೂರೂ ಪೆಟ್ಟಿಗೆಗಳನ್ನು ಸಾವಕಾಶವಾಗಿ ನೋಡಿದಳು. ಯಾರೂ ಬೇಗ ಬೇಗ ಅನ್ನಲಿಲ್ಲ. ಸೀಳಿನಲ್ಲಿ ಕಾಗದ ಇಳಿಸಿದಾಗ ಅದು ತಳ ಮುಟ್ಟಿದ ಸಪ್ಪಳವೂ ಬರಲಿಲ್ಲ. ಆದರೂ ಅವಳ ಕಣ್ಣು ತುಂಬಿ ಬಂತು. ಇಷ್ಟು ಖುಷಿ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಯಾವ ಪೆಟ್ಟಿಗೆಗೆ ಹಾಕಿದಳೆಂದು ನನ್ನನ್ನು ಕೇಳಬೇಡಿ. ಗಂಡನಿಗೇ ಹೇಳದವಳು ನನಗೆ ಹೇಳುತ್ತಾಳೆಯೇ?

ಶಾಲೆಯ ಹಿಂಭಾಗದ ಹುಣಸೆ ಮರದಡಿ ಉಜ್ಜಿನಪ್ಪ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ. ಪಕ್ಕದಲ್ಲಿ ಚೊಂಬಿನ ತುಂಬ ಗೋಮೂತ್ರ, ಅದರಲ್ಲಿ ಅದ್ದಿಟ್ಟ ಗರಿಕೆಯ ಕಟ್ಟು.

“ದೂರ ನಿಂದ್ರಲೇ! ಉಡಿ ಝಾಡ್ಸಲೇ!”

ಹುಲುಗಮ್ಮ ಝಾಡಿಸಿದಳು. ನಾಲ್ಕು ಮಡಿಕೆಯ ಗುಲಾಬಿ ಕಾಗದ ಬುಟ್ಟಿಗೆ ಬಿತ್ತು. ಅವಳ ಹಿಂದೆ ಮಾರೆಮ್ಮ, ಮಾರೆಮ್ಮನ ಹಿಂದೆ ಉಳಿದವರು. ಎಲ್ಲರೂ ಎಂದಿನ ಹಾಗೆ ಝಾಡಿಸಿದರು. ಉಜ್ಜಿನಪ್ಪ ಒಂದನ್ನಾದರೂ ಬಿಚ್ಚಿ ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇರಿಯವರ ಉಡಿಯಿಂದ ಬಿದ್ದದ್ದನ್ನು ಬಿಚ್ಚುವುದುಂಟೇ? ಗರಿಕೆ ಅದ್ದಿ ಅದ್ದಿ ಬುಟ್ಟಿಯ ಮೇಲೆ ಧಾರಾಳವಾಗಿ ಚಿಮುಕಿಸಿದ. ಶುದ್ಧಿ ಆಗಬೇಕಲ್ಲ, ಗೌಡರು ಕೈಯಲ್ಲಿ ಹಿಡಿಯುವುದು!

ಸಂಜೆ ಗೌಡರು ಬಂದರು. ಗರಿಗರಿ ಬಿಳಿ ಅಂಗಿ, ಜರಿ ಪೇಟ. ಒದ್ದೆ ಕಾಗದಗಳನ್ನು ಎದೆಯ ಜೇಬಿಗೆ ಒತ್ತಿ ತುಂಬಿಕೊಂಡು ಕಟ್ಟಕಡೆಯ ಮತದಾರರಾಗಿ ಒಳಗೆ ನಡೆದರು. ಕೇರಿಯ ಹೆಂಗಸರು ರಸ್ತೆಯಾಚೆ ಕುಳಿತು, ದಣಿವಾರಿಸಿಕೊಳ್ಳುವವರ ಹಾಗೆ ನೋಡುತ್ತಿದ್ದರು.

ಗೌಡರು ಬಹಳ ಹೊತ್ತು ಹೊರಗೆ ಬರಲಿಲ್ಲ. “ಗೌಡ್ರೇ, ಒಂದು ಕಾಗದ ಹಾಕಾಕ ಇಷ್ಟೊತ್ತೇನ್ರಿ?” ಎಂದು ಆಫೀಸರು ಕೂಗಿದ್ದು ರಸ್ತೆಯವರೆಗೂ ಕೇಳಿಸಿತು.

ಬಂದಾಗ ಅವರ ಮುಖ ಕೆಂಪಗಾಗಿತ್ತು. ಅಂಗಿ ಅದಕ್ಕಿಂತ ಕೆಂಪಗಾಗಿತ್ತು. ಪರದೆಯ ಹಿಂದೆ ಒಂದೊಂದನ್ನೇ ಬಿಚ್ಚಿ ನೋಡಿ, ಗಂಡಸರು ಕೊಟ್ಟ ಅಸಲಿ ಕಾಗದಗಳನ್ನು ಹಾಕಿ, ಬೀಗರ ಇಪ್ಪತ್ತೆರಡು ಕರಪತ್ರಗಳನ್ನು ಮತ್ತೆ ಜೇಬಿಗೇ ತುಂಬಿಕೊಂಡು ಬಂದಿದ್ದರು. ಅಗ್ಗದ ಬಣ್ಣ. ಗೋಮೂತ್ರಕ್ಕೆ ಕರಗಿ ಜೇಬಿನಿಂದ ಹೊಕ್ಕುಳವರೆಗೂ ಇಳಿದಿತ್ತು. ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಮೊದಲು ಪೊಲೀಸರ ಕೈಗೆ ಸಿಗುವವರು ತಾವೇ.

ಮಾರೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹೆಂಗಸರಲ್ಲಿ ಮೊದಲು ಉಡಿ ಝಾಡಿಸಿದವಳು ಹುಲುಗಮ್ಮ, ಹೀಗಾಗಿ ಪೆಟ್ಟು ಬಿದ್ದದ್ದು ಸುಂಕಣ್ಣನಿಗೆ. ಮರುದಿನ ಗೌಡರು ತಮ್ಮ ಮೆಟ್ಟುಗಳನ್ನು ಅವನ ತಲೆಯ ಮೇಲಿಟ್ಟು ಹೊತ್ತು ನೆತ್ತಿಗೇರುವವರೆಗೂ ಅಂಗಳದಲ್ಲಿ ನಿಲ್ಲಿಸಿದರು.

“ಯಾರಲೇ ಕಲಿಸಿದ್ದು ನಿನ್ನ ಹೆಂಡ್ತಿಗೆ?”

“ನಂಗೂ ಹೇಳಿಲ್ಲ ಧಣಿ. ನಂದು ಬುಟ್ಟಿಗೇ ಹಾಕೀನಿ ಧಣಿ.”

ನಿಜ ಹೇಳಿದ್ದಕ್ಕೆ ಎರಡೇಟು ಹೆಚ್ಚು ಬಿತ್ತು. ಮನೆಗೆ ಬಂದವನ ಬೆನ್ನಿಗೆ ಎಣ್ಣೆ ಸವರುತ್ತ ಹುಲುಗಮ್ಮ ಅತ್ತಳು. ತನ್ನಿಂದಾಯಿತಲ್ಲ ಎಂದು ಸಂಕಟ, ಗೌಡನ ಕೈ ಸೇದಿಹೋಗಲಿ ಎಂದು ಸಿಟ್ಟು, ಎರಡೂ ಒಟ್ಟಿಗೇ ಬಂತು.

ಸುಂಕಣ್ಣ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, “ಮುಂದಿನ ಸಲ ನಂಗೂ ಒಂದು ಕೊಯ್ದಿಡು,” ಎಂದ.

ಕೇರಿಗೆ ಕೂಲಿ ನಿಂತಿತು. ಮೊದಲ ದಿನ ಅಂಬಲಿ, ಎರಡನೆಯ ದಿನ ಅಂಬಲಿಯ ತಿಳಿ, ಮೂರನೆಯ ದಿನ ಮಕ್ಕಳಿಗೆ ಮಾತ್ರ. ಹುಲುಗಮ್ಮ ತನ್ನನ್ನೇ ಬೈದುಕೊಂಡಳು, ಒಂದು ಕಾಗದಕ್ಕಾಗಿ ಕೇರಿಯನ್ನೇ ಉಪವಾಸ ಕೆಡವಿದೆನಲ್ಲ ಎಂದು. ನಾಲ್ಕನೆಯ ದಿನ ಮೂಡಗಾಳಿ ಎದ್ದಿತು. ಗೌಡರ ಹೊಲದ ತುಂಬ ಅರಳಿ ನಿಂತಿದ್ದ ಹತ್ತಿ ನೆಲಕ್ಕೆ ಉದುರಿ ಮಣ್ಣು ಹತ್ತತೊಡಗಿತು. ಸುತ್ತಲಿನ ಊರುಗಳಲ್ಲೂ ಅದೇ ಸುಗ್ಗಿ, ಬೇರೆ ಆಳು ಸಿಗುವಂತಿರಲಿಲ್ಲ.

ಉಜ್ಜಿನಪ್ಪ ಬೇವಿನ ಮರದಡಿ ಬಂದು ನಿಂತ.

“ಲೇ ಸುಂಕನ ಹೆಂಡ್ತೀ! ಎಲ್ಲಾರನೂ ಎಬ್ಬಿಸಿಕೊಂಡು ಬಾರಲೇ ಹೊಲಕ್ಕ!”

ಯಾವ ಗುಡಿಸಲಿನಿಂದಲೂ ಯಾರೂ ಬರಲಿಲ್ಲ. ಹುಲುಗಮ್ಮ ಬಾಗಿಲಲ್ಲಿ ಕುಳಿತು ಮಸಿ ಹತ್ತಿದ ಬೆರಳನ್ನು ನೋಡಿಕೊಳ್ಳುತ್ತಿದ್ದಳು.

“ಕಿವಿ ಸತ್ತಾವೇನಲೇ? ಗಾಳಿಗೆ ಹತ್ತಿ ಹಾಳಾಗಾಕತ್ತೈತಿ!”

“ಪಟ್ಟಿಯಾಗ ನಂದೊಂದು ಹೆಸರು ಐತ್ರಿ,” ಎಂದಳು ಅವಳು ಕುಳಿತಲ್ಲಿಂದಲೇ. “ಇಲ್ಲಿ ಇಪ್ಪತ್ತೆರಡು ಹೆಸರು ಅದಾವ. ಒಂದೊಂದಾಗಿ ಕರೀರಿ, ಬರತೀವಿ.”

ಉಜ್ಜಿನಪ್ಪ ಹೊಲದ ಕಡೆ ನೋಡಿದ. ಊರ ಕಡೆ ನೋಡಿದ, ಯಾರಾದರೂ ಕೇಳಿಸಿಕೊಳ್ಳುತ್ತಾರೋ ಎಂದು. ಆಮೇಲೆ ನೆಲ ನೋಡಿಕೊಂಡು ಬಾಯೊಳಗೇ ಅಂದ:

“ಹುಲುಗಮ್ಮ.”

“ಕೇಳಸ್ಲಿಲ್ರಿ,” ಎಂದಳು ಹುಲುಗಮ್ಮ. “ಇನ್ನೊಮ್ಮಿ.”