ಸಾವಿರದಾಚೆಯ ಮೂರು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಕ್ಕ ತನ್ನ ಹೊಲಿಗೆ ಅಂಗಡಿಯಲ್ಲಿ ಅಂಗಿಯ ಕಾಲರಿಗೆ ಬಟ್ಟೆ ಕತ್ತರಿಸುತ್ತಿದ್ದಳು. ಫೋನಿನಲ್ಲಿ ತಮ್ಮನ ಮಗಳು ಹೇಳಿದ್ದು ಎರಡೇ ಮಾತು. ಅಕ್ಕ ಗೆರೆ ಮುಗಿಯುವ ತನಕ ಕತ್ತರಿಸಿ, ಆಮೇಲೆ ಕತ್ತರಿ ಕೆಳಗಿಟ್ಟಳು. ಹಿಂದಿನ ದಿನವಷ್ಟೇ ಅವನಿಗೆ ಕಾರ್ಡು ಬರೆದು ಅಂಚೆಗೆ ಹಾಕಿದ್ದಳು.

ತಮ್ಮ ಗಣಿತದ ಮೇಷ್ಟ್ರು. ಪ್ರತಿವರ್ಷ ಅಕ್ಕನ ಹುಟ್ಟುಹಬ್ಬಕ್ಕೆ ಸೀರೆಯಲ್ಲ, ಒಂದು ದೊಡ್ಡ ಸಂಖ್ಯೆ ಕಳಿಸುವುದು ಅವನ ರೂಢಿ. ಏಳನೆಯ ತರಗತಿಗೇ ಶಾಲೆ ಬಿಟ್ಟ ಅಕ್ಕ ಅದರ ಗುಣ ಹೇಳಬೇಕು: ಬೇರೆ ಸಂಖ್ಯೆಗಳಿಂದ ಭಾಗವಾಗುವ ಸಂಯುಕ್ತವೋ, ಯಾರಿಗೂ ಬಗ್ಗದ ಅವಿಭಾಜ್ಯವೋ. ಅವಳು ಅಳತೆಯ ಕಂದು ಕಾಗದದ ಮೇಲೆ ಎರಡು, ಮೂರು, ಐದು, ಏಳು ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋಗುವಳು. ಯಾವುದನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆಯನ್ನು ದಾಟುತ್ತದೋ ಅಲ್ಲಿಗೆ ನಿಲ್ಲಿಸಬೇಕೆಂದು ಅವನೇ ಕಲಿಸಿದ್ದ. ಅವಳ ಉತ್ತರ ಬಂದ ಮೇಲೆಯೇ, ಅದನ್ನು ತಿದ್ದಿ ನೋಡಿ, ತನ್ನ ಸಂಖ್ಯೆಗಳ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಈ ವರ್ಷದ ಸಂಖ್ಯೆ 1040399. ತಿಂಗಳೆಲ್ಲ ಭಾಗಿಸಿ, ಅವಿಭಾಜ್ಯ ಎಂದು ಕಾರ್ಡಿನಲ್ಲಿ ಬರೆದಿದ್ದಳು.

ವಾರ ಕಳೆದು ತಮ್ಮನ ಮಗಳು ಆ ಪುಸ್ತಕವನ್ನೂ ಅಕ್ಕನ ಕಾರ್ಡನ್ನೂ ಹಿಡಿದು ಬಂದಳು. ಅಪ್ಪನ ಶಾಲೆಯವರು ಅವನ ನೆನಪಿಗೆ ಅದನ್ನು ಅಚ್ಚು ಹಾಕಿಸುತ್ತಿದ್ದರು. ಈ ವರ್ಷದ ಉತ್ತರ ಬರೆಯಬೇಕಿದ್ದ ಕೊನೆಯ ಪುಟ ಖಾಲಿಯಿತ್ತು. ಕಾರ್ಡು ಬಂದದ್ದು ಅವನು ಹೋದ ಮರುದಿನ.

ಅಕ್ಕ ಕಾರ್ಡನ್ನು ಮತ್ತೆ ಓದಿದಳು. ಅವನು ತಿದ್ದಿ ನೋಡದ ಉತ್ತರ ಅವನ ಪುಸ್ತಕದಲ್ಲಿ ಅಚ್ಚಾಗಿ, ತಪ್ಪಾಗಿದ್ದರೆ? ಫೋನಿನಲ್ಲಿ ಕ್ಷಣದಲ್ಲಿ ನೋಡಬಹುದೆಂದಳು ಹುಡುಗಿ.

"ಅವನಿದ್ದಾಗ ಹಿಡಿಯದ ಕಳ್ಳದಾರಿ ಈಗ ಯಾಕಮ್ಮ?" ಎಂದು ಅಕ್ಕ ಕಂದು ಕಾಗದ ಹರಡಿದಳು.

"ಇಲ್ಲಿಗೇ ಯಾಕೆ ನಿಲ್ಲಿಸಿದ್ರಿ ಅತ್ತೆ, 997ಕ್ಕೆ?"

"ಸಾವಿರ ಸಲ ಸಾವಿರ ಹತ್ತು ಲಕ್ಷ ತಾನೆ? ನಮ್ಮದು ಹತ್ತು ಲಕ್ಷದ..." ಅಕ್ಕ ನಾಲಿಗೆ ಕಚ್ಚಿಕೊಂಡಳು. "ಮೇಲಿನ ನಲವತ್ತು ಸಾವಿರ ಮರೆತೇಬಿಟ್ನಲ್ಲೇ. ಹೊಲಿಗೆಗೆ ಅಂಚು ಬಿಡದೆ ಕತ್ತರಿಸಿದ ಹಾಗಾಯ್ತು."

ಸಾವಿರದಾಚೆ ನೋಡಬೇಕಾದವು ಮೂರೇ ಉಳಿದಿದ್ದವು. 1009ರಲ್ಲಿ ಶೇಷ ಬಂತು. 1013ರಲ್ಲೂ ಬಂತು. 1019ರಿಂದ ಭಾಗಿಸಿದಾಗ ಸರಿಯಾಗಿ 1021 ಸಿಕ್ಕಿ, ಕೆಳಗೆ ಸೊನ್ನೆ ಉಳಿಯಿತು.

"ಎರಡೂ ಅವಿಭಾಜ್ಯ, ನಡುವೆ ಎರಡೇ ಅಂತರ. ಇಂಥ ಜೋಡಿನ ಅಪ್ಪ ಅವಳಿ ಅಂತಿದ್ರು," ಎಂದಳು ಹುಡುಗಿ ಮೆಲ್ಲಗೆ.

"ಅವಳಿ ಏನು ಬಂತು? ಅವನಿಗಿಂತ ನಾನು ಎರಡು ವರ್ಷ ದೊಡ್ಡೋಳು," ಎಂದ ಅಕ್ಕ ನಗಲು ಹೋಗಿ ಅತ್ತುಬಿಟ್ಟಳು.

ಕಣ್ಣೊರೆಸಿಕೊಂಡು, ಕಾರ್ಡಿನಲ್ಲಿದ್ದ ತನ್ನ ಉತ್ತರವನ್ನು ತಾನೇ ಹೊಡೆದುಹಾಕಿ, ಖಾಲಿ ಪುಟದಲ್ಲಿ 'ಸಂಯುಕ್ತ' ಎಂದು ಬರೆದಳು. ಅಕ್ಕ ಮೊದಲು ತಪ್ಪಿದ್ದಳು ಎಂಬುದನ್ನೂ ಅಚ್ಚು ಹಾಕಿಸಬೇಕೆಂದು ಹುಡುಗಿಗೆ ತಾಕೀತು ಮಾಡಿದಳು. ಆಮೇಲೆ ಕೈಮುಗಿದಳು.

"ದೇವರೇ, ನನ್ನ ಉತ್ತರಕ್ಕೆ ಅವನು ಕಾದಿದ್ದರೆ, ಸರಿಹೋಯಿತು ಅಂತ ತಿಳಿಸು. ಮಕ್ಕಳ ತಪ್ಪನ್ನು ಬೈಯದೆ ತಿದ್ದಿದ ಜೀವ ಅದು. ಅದನ್ನು ನಿನ್ನ ಪಾದದಲ್ಲಿ ಇಟ್ಟುಕೋ. ಅವನ ಆತ್ಮಕ್ಕೆ ಶಾಂತಿ ಕೊಡು."